ಗಾಡಿ ನಮ್ಮದು, ಬೀಗದ ಕೈ ಕಂಪನಿಯದು!

ಕಂತಿನ ಸಾಲ ಮಾಡಿ ಗೂಡ್ಸ್ ಗಾಡಿ ಕೊಂಡವನು ದಿನಸಿ ಅಂಗಡಿಯವನು. ಪೆಟ್ರೋಲು ಹಾಕುವವನು ಅವನು. ತೆರಿಗೆ, ವಿಮೆ ಕಟ್ಟುವವನೂ ಅವನೇ. ಆದರೆ ಇಂಜಿನ್ನಿನ ಹಳದಿ ದೀಪ ಹತ್ತಿಕೊಂಡ ದಿನ, ತನ್ನ ಗಾಡಿಗೆ ಬಂದ ಕಾಯಿಲೆ ಏನೆಂದು ತಿಳಿಯಲು ಅವನು ಕಂಪನಿಯ ವರ್ಕ್‌ಷಾಪಿನ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕು! ಇದು ಯಾವ ಸೀಮೆಯ ಒಡೆತನ?

ಈ ದೀಪದ ಹಿಂದೆ ಯಾವ ದೇವರಹಸ್ಯವೂ ಇಲ್ಲ. ದೋಷ ಕಂಡೊಡನೆ ಗಾಡಿಯ ಕಂಪ್ಯೂಟರು ಒಂದು ಅಕ್ಷರ, ನಾಲ್ಕು ಅಂಕಿಗಳ ಸಂಕೇತವನ್ನು ಬರೆದಿಡುತ್ತದೆ. ಸ್ಟೀರಿಂಗಿನ ಕೆಳಗಿನ 16 ಪಿನ್ನುಗಳ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಅದು ಕಾಣುತ್ತದೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಈ ಏರ್ಪಾಟು ಕಡ್ಡಾಯವಾಯಿತು. ಅಕ್ಷರದ ಮುಂದಿನ ಅಂಕಿ ಸೊನ್ನೆಯಾದರೆ ಸಂಕೇತ ಎಲ್ಲ ಕಂಪನಿಗಳಿಗೂ ಒಂದೇ, ಜಗತ್ತಿಗೇ ಬಹಿರಂಗ. ಒಂದಾದರೆ ಅದು ಕಂಪನಿಯ ಸ್ವಂತ ಸಂಕೇತ. ಬೀಗ ಬಿದ್ದಿರುವುದು ಇಲ್ಲಿ.

ಬಹಿರಂಗ ಸಂಕೇತದಲ್ಲೂ ಸುಲಿಗೆ ತಪ್ಪಿದ್ದಲ್ಲ. ಸಂಕೇತ ಹೇಳುವುದು ರೋಗದ ಲಕ್ಷಣವನ್ನು, ರೋಗವನ್ನಲ್ಲ. ಪಿ 0171 ಬಂತೆನ್ನಿ: ಗಾಳಿ ಹೆಚ್ಚು, ಪೆಟ್ರೋಲು ಕಡಮೆ ಎಂದಷ್ಟೇ ಅರ್ಥ. ಸೆನ್ಸರು ಬದಲಿಸಿರೆಂದು ಅದು ಹೇಳುವುದಿಲ್ಲ. ಪರೀಕ್ಷೆಯಿಲ್ಲದೆ ಸೆನ್ಸರಿಗೆ ಬಿಲ್ಲು ಬರೆದರೆ ಅದು ಹಗಲುದರೋಡೆ. ಮಗ್ಗ ನಿಂತರೆ ಎಳೆ ಎಲ್ಲಿ ಕಡಿಯಿತೆಂದು ನೋಡದೆ ಮಗ್ಗವನ್ನೇ ಬದಲಿಸುವ ಜಾಬರ್ ಉಂಟೇ? ಇಂಜಿನ್ ತಾನಾಗಿ ಎಷ್ಟು ಪೆಟ್ರೋಲು ಹೆಚ್ಚಿಸಿಕೊಳ್ಳುತ್ತಿದೆಯೆಂದು ಬಲ್ಲ ಮೆಕ್ಯಾನಿಕ್ಕು ಸ್ಕ್ಯಾನರಿನಲ್ಲಿ ನೋಡುತ್ತಾನೆ. ಐಡಲ್‌ನಲ್ಲಿ ಏರಿದ್ದ ಲೆಕ್ಕ ರೇಸ್ ಕೊಟ್ಟಾಗ ಇಳಿದರೆ, ಯಾವುದೋ ರಬ್ಬರ್ ಪೈಪು ಬಿರಿದಿದೆಯೇ ಎಂದು ಹುಡುಕುತ್ತಾನೆ. ರೇಸ್ ಕೊಟ್ಟಷ್ಟೂ ಏರಿದರೆ ಪಂಪು, ಫಿಲ್ಟರುಗಳತ್ತ ಮೊದಲು ನೋಡುತ್ತಾನೆ. ಪೈಪಿನ ಬೆಲೆ ಎಲ್ಲಿ, ಸೆನ್ಸರಿನ ಬೆಲೆ ಎಲ್ಲಿ!

ಈ ಬಲ್ಲವನು ನಮ್ಮ ಬೀದಿಯಲ್ಲೇ ಇದ್ದಾನೆ. ಅವನ ಕೈ ಕಟ್ಟಿದವರು ಯಾರು? ಭಾರತದ ಸ್ಪರ್ಧಾ ಆಯೋಗವೇ 2014ರ ಆಗಸ್ಟಿನಲ್ಲಿ ಉತ್ತರ ಕೊಟ್ಟಿತು. ಬಿಡಿಭಾಗಗಳೂ ದೋಷ ಪತ್ತೆಯ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ಸಿಕ್ಕದಂತೆ ಮಾಡಿದ್ದಕ್ಕಾಗಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿತು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡಕೂಡದೆಂದೂ ಆದೇಶಿಸಿತು. ಕಂಪನಿಗಳು ಮೇಲ್ಮನವಿಯ ಮೆಟ್ಟಿಲೇರಿದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಜಾಲತಾಣವೊಂದನ್ನು ತೆರೆಯಿತು. ಜಾಲತಾಣವೇ ಕಾನೂನಾದೀತೆ? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಈ ಹಕ್ಕಿಗೆ ಮತವಿತ್ತು ಕಾನೂನನ್ನೇ ತಂದರು.

ಹೊಗೆ ನಿಯಂತ್ರಣಕ್ಕಾಗಿ ಈ ಗುಟ್ಟೆಂಬ ವಾದವೂ ಉಂಟು. ದೀಪ ಇಟ್ಟಿರುವುದೇ ಹೊಗೆ ತಡೆಯಲು! 2020ರ ಏಪ್ರಿಲಿನಿಂದ ಬಿ.ಎಸ್. 6 ಬಂದಿದೆ. ರಿಪೇರಿ ಬೇಗನೆ, ಅಗ್ಗವಾಗಿ ಆದಷ್ಟೂ ಹೊಗೆ ಕಡಮೆಯಲ್ಲವೇ?

ನಮ್ಮ ಬೇಡಿಕೆ ಸ್ಪಷ್ಟ: ಪ್ರತಿ ಸಂಕೇತದ ಅರ್ಥ, ವೈರಿಂಗ್ ನಕ್ಷೆ, ಉಪಕರಣ ಇವೆಲ್ಲ ನ್ಯಾಯಬೆಲೆಗೆ ಎಲ್ಲ ಗ್ಯಾರೇಜುಗಳಿಗೂ ಸಿಕ್ಕತಕ್ಕದ್ದೆಂದು ಶಾಸನವಾಗಲಿ. ಅಲ್ಲಿಯವರೆಗೆ, ಗಾಡಿಯುಳ್ಳ ಮಿತ್ರರೇ, ದೀಪ ಹತ್ತಿದರೆ ಸಂಕೇತವನ್ನು ಬರೆಸಿಕೊಳ್ಳಿ. ಯಾವ ಪರೀಕ್ಷೆ ಮಾಡಿದಿರೆಂದು ಕೇಳಿ. ತೆಗೆದ ಹಳೆಯ ಭಾಗವನ್ನು ಕೈಗೆ ತೆಗೆದುಕೊಳ್ಳಿ. ಆಮೇಲೆ ಹಣ ಎಣಿಸಿ. ಕೇಳದವನ ಜೇಬಿಗೇ ಮೊದಲ ಕತ್ತರಿ!