ಕಸಿಯಾದವರ ಕರುಳು ಮತ್ತು ನಮ್ಮ ಕಷಾಯ

ಕೆಲವು ತಿಂಗಳ ಹಿಂದೆ ಒಬ್ಬ ತಂದೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ರಕ್ತದ ಕ್ಯಾನ್ಸರಿಗೆ ತುತ್ತಾಗಿದ್ದ ಅವರ 19 ವರ್ಷದ ಮಗನಿಗೆ ಅಣ್ಣನ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಕಸಿ ಮಾಡಲಾಗಿತ್ತು. ಆಸ್ಪತ್ರೆಯಿಂದ ಊರಿಗೆ ಮರಳಿ ಎರಡು ವಾರವಾಗಿತ್ತು. ‘ಹುಡುಗನ ರೋಗನಿರೋಧಕ ಶಕ್ತಿ ಹೆಚ್ಚುವಂತೆ ಅಮೃತಬಳ್ಳಿಯ ಕಷಾಯ ಬರೆದುಕೊಡಿ’ ಎಂಬುದು ಅವರ ಕೋರಿಕೆ. ದಶಕಗಳ ಅಭ್ಯಾಸ, ನನ್ನ ಕೈ ತಾನಾಗಿಯೇ ಚೀಟಿಯತ್ತ ಹೋಯಿತು. ವಾಡಿಕೆಯಂತೆ ಮಲಪ್ರವೃತ್ತಿ ಹೇಗಿದೆ ಎಂದು ಕೇಳಿದೆ. ಮೂರು ದಿನಗಳಿಂದ ಹಸಿರು ನೀರಿನಂತೆ ಏಳೆಂಟು ಬಾರಿ ಆಗುತ್ತಿದೆ, ಅಂಗೈ ಕೆಂಪಾಗಿ ಉರಿಯುತ್ತಿದೆ, ಮಜ್ಜಿಗೆ ಕೊಡುತ್ತಿದ್ದೇವೆ ಎಂದರು. ನಾನು ಲೇಖನಿ ಕೆಳಗಿಟ್ಟು ಕಸಿ ಮಾಡಿದ ಘಟಕಕ್ಕೆ ದೂರವಾಣಿ ಮಾಡಿದೆ. ಅದೇ ರಾತ್ರಿ ಅವರು ಬೆಂಗಳೂರಿಗೆ ಹೊರಟರು.

ಈ ಚಿಕಿತ್ಸೆ ಈಗ ಅಪರೂಪದ್ದಲ್ಲ. ಅಮೆರಿಕದ ಡೊನಾಲ್ ಥಾಮಸ್ ಅವರಿಗೆ ಇದರ ಸಲುವಾಗಿ 1990ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ನಮ್ಮ ದೇಶದಲ್ಲಿ 1983ರಲ್ಲಿಯೇ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. ಆದರೆ ಕಸಿಯ ನಂತರ ದೇಹದಲ್ಲಿ ನಡೆಯುವುದೇನು ಎಂಬುದು ಮನೆಯವರಿಗೆ ಮಾತ್ರವಲ್ಲ, ನನ್ನ ಅನೇಕ ಸಹವೈದ್ಯರಿಗೂ ತಿಳಿದಿಲ್ಲ.

ಕಸಿಗೆ ಮುನ್ನ ಕೊಡುವ ತೀವ್ರ ಔಷಧಗಳು ರೋಗಿಯ ಮಜ್ಜೆಯೊಡನೆ ಕರುಳಿನ ಒಳಪದರವನ್ನೂ ಸುಡುತ್ತವೆ. ಆ ಗಾಯದಿಂದ ಕರುಳಿನ ಜೀವಾಣುಗಳ ಅಂಶಗಳು ಒಳನುಗ್ಗಿದಾಗ ದಾನಿಯಿಂದ ಬಂದ ಬಿಳಿರಕ್ತಕಣಗಳು ಕೆರಳುತ್ತವೆ. ಅವುಗಳಿಗೆ ಈ ದೇಹವೇ ಪರಕೀಯ. ಅವು ಚರ್ಮ, ಯಕೃತ್ತು ಮತ್ತು ಕರುಳುಗಳ ಮೇಲೆ ಎರಗುತ್ತವೆ. ಇದಕ್ಕೆ ಗ್ರಾಫ್ಟ್ ವರ್ಸಸ್ ಹೋಸ್ಟ್ ರೋಗವೆಂದು ಹೆಸರು. ಇದನ್ನು ತಡೆಯಲೆಂದೇ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ಮೊದಲಾದ ಔಷಧಗಳಿಂದ ನಿರೋಧಕ ಶಕ್ತಿಯನ್ನು ತಗ್ಗಿಸಿಡುತ್ತಾರೆ. ಅಲ್ಲಿ ವೈದ್ಯರು ಬೇಕೆಂದೇ ತಗ್ಗಿಸಿದುದನ್ನು ಇಲ್ಲಿ ನಾವು ಕಷಾಯದಿಂದ ಏರಿಸಹೊರಟರೆ ಅದು ಉಪಚಾರವೇ?

ಅಮೃತಬಳ್ಳಿ ಸೇವಿಸಿದ 6 ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಿವಾದ ಹೇಗಾದರೂ ತೀರಲಿ. ಕಸಿಯಾದವರ ಯಕೃತ್ತಿನ ವಿಷಯದಲ್ಲಿ ಅಷ್ಟು ಸಂಶಯವೇ ನನಗೆ ಸಾಕು.

ಮಜ್ಜಿಗೆಯ ಮಾತಂತೂ ನನ್ನನ್ನು ಹೆಚ್ಚು ಕಾಡಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯ ಗ್ರಹಣಿಗೆ ತಕ್ರವನ್ನು ಹೊಗಳುತ್ತದೆ. ಅದನ್ನು ಓದಿಯೇ ನಾನು ಪರೀಕ್ಷೆ ಬರೆದವನು. ಆದರೆ ಆ ಗ್ರಹಣಿ ಬೇರೆ, ಈ ಅತಿಸಾರ ಬೇರೆ. ಕಸಿಯಾದವರ ಕರುಳಿನಲ್ಲಿ ಎಂಟೆರೊಕಾಕಸ್ ಎಂಬ ಜೀವಾಣು ಮೇಲುಗೈ ಪಡೆದರೆ ಅಪಾಯ ಹೆಚ್ಚುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅದಕ್ಕೆ ಆಹಾರವಾಗುತ್ತದೆಂದು 2019ರಲ್ಲಿ ಸಂಶೋಧಕರು ತೋರಿಸಿದರು. ಲ್ಯಾಕ್ಟೋಸ್ ಇಲ್ಲದ ಆಹಾರ ಕೊಟ್ಟ ಇಲಿಗಳಲ್ಲಿ ಅದರ ಬೆಳವಣಿಗೆ ಕುಗ್ಗಿತು. ಮಜ್ಜಿಗೆಯಲ್ಲಿ ಆ ಸಕ್ಕರೆಯೂ ಉಂಟು, ಸಜೀವ ಜೀವಾಣುಗಳೂ ಉಂಟು. 2020ರಲ್ಲಿ ಅಮೆರಿಕ, ಜರ್ಮನಿ, ಜಪಾನುಗಳ ನಾಲ್ಕು ಕೇಂದ್ರಗಳ 1,300ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೂ ಪ್ರಕಟವಾಯಿತು: ಕರುಳಿನ ಜೀವಾಣುಗಳ ವೈವಿಧ್ಯ ಕುಗ್ಗಿದವರಲ್ಲಿ ಸಾವು ಹೆಚ್ಚು. ‘ನೋಡಿ, ಅಗ್ನಿಯೇ ಮೂಲವೆಂದು ನಾವು ಅಂದೇ ಹೇಳಿರಲಿಲ್ಲವೇ’ ಎಂದು ಮಿತ್ರರೊಬ್ಬರು ಹಿಗ್ಗಿದರು. ಹಿಗ್ಗಲಿ. ಆದರೆ ಆ ಅಧ್ಯಯನ ಮೊಸರು ಕುಡಿಸಿ ಎಂದು ಹೇಳಿಲ್ಲ.

ಕರುಳಿನ ಸ್ಥಿತಿಯನ್ನು ರಕ್ತದಲ್ಲಿಯೇ ಓದುವ ಸೂಚಕಗಳು ಈಗ ಬಂದಿವೆ. ಸಿಟ್ರುಲಿನ್ ಎಂಬ ಅಮೈನೋ ಆಮ್ಲವನ್ನು ಮುಖ್ಯವಾಗಿ ಸಣ್ಣ ಕರುಳಿನ ಕೋಶಗಳೇ ತಯಾರಿಸುವುದರಿಂದ ಒಳಪದರ ಸುಟ್ಟಷ್ಟೂ ಅದು ಇಳಿಯುತ್ತದೆ, ಪದರ ಚಿಗುರಿದಂತೆ ಏರುತ್ತದೆ. ರೆಗ್-3-ಆಲ್ಫಾ ಎಂಬ ಪ್ರೋಟೀನು ಕರುಳಿನದು. ಪದರ ಬಿರುಕು ಬಿಟ್ಟಾಗ ರಕ್ತಕ್ಕೆ ಸೋರುತ್ತದೆ. ಎಸ್‌ಟಿ-2 ಎಂಬುದರೊಡನೆ ಅದನ್ನು ಅಳೆದು ರೋಗ ಎಷ್ಟು ಉಗ್ರವಾದೀತೆಂದು ಅಂದಾಜಿಸುತ್ತಾರೆ. ಮಲದಲ್ಲಿನ ಕ್ಯಾಲ್ಪ್ರೊಟೆಕ್ಟಿನ್ ಉರಿಯೂತವನ್ನು ಹೇಳುತ್ತದೆ, ಕಾರಣವನ್ನು ಹೇಳದು. ಸೈಟೊಮೆಗಾಲೊ ವೈರಸ್ಸಿನಿಂದಲೂ ಇಂಥದೇ ಅತಿಸಾರ ಬರಬಹುದಾದ್ದರಿಂದ ಕೊನೆಗೆ ಎಂಡೋಸ್ಕೊಪಿಯಲ್ಲಿ ಚೂರು ತೆಗೆದು ನೋಡಬೇಕಾಗುತ್ತದೆ. ನಾಡಿ ಹಿಡಿದು ಇದನ್ನು ಬೇರ್ಪಡಿಸುವೆನೆಂಬ ವೈದ್ಯನನ್ನು ನಾನು ನಂಬಲಾರೆ.

ಮನೆಯಲ್ಲಿ ಮಾಡಬಹುದಾದ ಅಳತೆಯೊಂದಿದೆ, ಅದಕ್ಕೆ ಖರ್ಚಿಲ್ಲ. ಭೇದಿ ಆರಂಭವಾದರೆ ಗೆರೆ ಹಾಕಿದ ಪಾತ್ರೆಯಲ್ಲಿ ಅದರ ಪ್ರಮಾಣ ಬರೆದಿಡಿ. ವಯಸ್ಕರಲ್ಲಿ ದಿನಕ್ಕೆ 500 ಮಿಲಿಲೀಟರ್ ದಾಟಿದರೆ ಕಸಿ ವೈದ್ಯರು ರೋಗದ ಹಂತ ಎಣಿಸಲು ತೊಡಗುತ್ತಾರೆ. 1,500 ದಾಟಿದರೆ ಅದು ಉಗ್ರ. ಆದರೆ 500 ಆಗಲೆಂದು ಕಾಯಬೇಡಿ. ಮೊದಲ 100 ದಿನಗಳಲ್ಲಿ ಹೊಸದಾಗಿ ಭೇದಿ, ಅಂಗೈ ಅಂಗಾಲುಗಳಲ್ಲಿ ಕೆಂಪು, ಕಣ್ಣಿನಲ್ಲಿ ಹಳದಿ ಕಂಡರೆ ಅಂದೇ ಕಸಿ ಘಟಕಕ್ಕೆ ತಿಳಿಸಿ. ಚೂರ್ಣ, ಲೇಹ್ಯ, ಕಷಾಯ ಯಾವುದನ್ನು ಕೊಟ್ಟಿದ್ದರೂ ಮುಚ್ಚಿಡದೆ ಹೇಳಿ. ಬೈಗುಳ ತಿಂದರೂ ಚಿಂತೆಯಿಲ್ಲ.

ಆ ಹುಡುಗನಿಗೆ ಸ್ಟೀರಾಯ್ಡ್ ಚಿಕಿತ್ಸೆ ಫಲಿಸಿತು. ಮೊನ್ನೆ ತಂದೆಯೊಡನೆ ಬಂದಿದ್ದ, ಗಂಜಿ ಬಿಟ್ಟು ಅನ್ನ ಉಣ್ಣುತ್ತಿದ್ದಾನೆ. ‘ಈಗಲಾದರೂ ಕಷಾಯ ಕೊಡಬಹುದೇ’ ಎಂದು ತಂದೆ ಮತ್ತೆ ಕೇಳಿದರು. ಬೇಡವೆಂದೆ.