ಗೃಹಸ್ಥರ ವ್ಯವಹಾರಜ್ಞಾನ: ಹಾರದ ವಿಮಾನವೂ ಪ್ರಯಾಣಿಕನ ಹಕ್ಕೂ

ವಿಮಾನವೆಂಬುದು ದೊಡ್ಡವರ ವಾಹನ, ನಮ್ಮಂಥವರು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡತಕ್ಕ ವಸ್ತು, ಎಂದು ತಿಳಿಯುವ ಕಾಲವು ಈಗ ಉಳಿದಿಲ್ಲ. ಬೆಟಗೇರಿಯ ನೇಕಾರರ ಮನೆಯ ಹುಡುಗನು ಪರಪ್ರಾಂತದಲ್ಲಿ ನೌಕರಿಗಿರುವನು. ಮುಂಡರಗಿಯ ರೈತನ ಮಗಳು ದಿಲ್ಲಿಗೆ ಹೋಗಿ ಪರೀಕ್ಷೆಗೆ ಕೂಡ್ರುವಳು. ಲಕ್ಷ್ಮೇಶ್ವರದ ಅಡತಿ ವ್ಯಾಪಾರಿಯು ಮುಂಬಯಿಗೆ ಹೋಗಿಬರುವನು. ಶಿರಹಟ್ಟಿಯ ಮುದುಕರನ್ನು ಮಕ್ಕಳು ಔಷಧೋಪಚಾರಕ್ಕಾಗಿ ಬೆಂಗಳೂರಿಗೆ ಕರೆದೊಯ್ಯುವರು. ಇವರೆಲ್ಲರಿಗೂ ಸಮೀಪದ ವಿಮಾನ ನಿಲ್ದಾಣವು ಹುಬ್ಬಳ್ಳಿಯದು. ಅಲ್ಲಿ ಹೊಸ ಕಟ್ಟಡವು ೨೦೧೭ರ ಡಿಸೆಂಬರದಲ್ಲಿ ತೆರೆಯಿತು. ಮರುವರ್ಷ ಉಡಾನ್ ಯೋಜನೆಯ ವಿಮಾನಗಳು ಬಂದವು. ಗದಗದಿಂದ ಅದು ಸುಮಾರು ೬೦ ಕಿಲೋಮೀಟರು. ಮುಂಡರಗಿಯವರಿಗೆ ನೂರರ ಹತ್ತಿರ. ಎಂದ ಮೇಲೆ ಮುಂಜಾವಿನ ವಿಮಾನ ಹಿಡಿಯಬೇಕಾದ ಮುಂಡರಗಿಯ ಗೃಹಸ್ಥನು ನಡುರಾತ್ರಿಯಲ್ಲಿ ಬಾಡಿಗೆ ಕಾರು ಮಾಡಿಕೊಂಡು ಹೊರಡಬೇಕಾಗುವದು. ನಿಲ್ದಾಣವನ್ನು ಮುಟ್ಟಿದ ಮೇಲೆ "ಈ ದಿನ ವಿಮಾನವಿಲ್ಲ" ಎಂಬ ಮಾತು ಕೇಳಿದರೆ ಆತನ ಗತಿಯೇನು? ಈ ತಿಂಗಳು ಅದನ್ನೇ ವಿಚಾರಿಸುವೆವು.

ಇದು ಕಲ್ಪನೆಯ ಮಾತಲ್ಲ. ೨೦೨೫ರ ಡಿಸೆಂಬರ ೩ನೆಯ ತಾರೀಖಿನಂದು ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆಯ ಸಮಾರಂಭವಿದ್ದಿತು. ವಧೂವರರು ಹಿಂದಿನ ದಿನವೇ ಬೆಂಗಳೂರಿನ ಮೇಲೆ ಹುಬ್ಬಳ್ಳಿಗೆ ಬರಬೇಕಾಗಿತ್ತು. ವಿಮಾನವು ತಡ, ಇನ್ನೂ ತಡ, ಎಂದು ಹೇಳುತ್ತ ಹೋಗಿ ಕಡೆಗೆ ರದ್ದಾಯಿತು. ಬಂಧುಬಳಗವೆಲ್ಲ ನೆರೆದಿತ್ತು, ಅಡಿಗೆಯಾಗಿತ್ತು. ಕಡೆಗೆ ವಧುವಿನ ತಂದೆತಾಯಿಗಳೇ ನವದಂಪತಿಗಳ ಪೀಠದಲ್ಲಿ ಕುಳಿತರು. ವಧೂವರರು ದೂರದ ಊರಿನಲ್ಲಿ ಅಲಂಕರಿಸಿಕೊಂಡು ಕುಳಿತು ಪರದೆಯ ಮೇಲೆ ಕಾಣಿಸಿಕೊಂಡರು. ಪತ್ರಿಕೆಗಳು ಇದನ್ನು ವಿನೋದದ ಸುದ್ದಿಯೆಂಬಂತೆ ಅಚ್ಚು ಹಾಕಿದವು. ಆದರೆ ಮಗಳ ಲಗ್ನದ ಊಟಕ್ಕೆ ಮಗಳೇ ಇಲ್ಲದ ಮನೆಯವರಿಗೆ ಅದು ವಿನೋದವಾಗಿರಲಾರದು.

ಆ ಮೂರು ದಿನಗಳಲ್ಲಿ, ಅಂದರೆ ಡಿಸೆಂಬರ ೩ರಿಂದ ೫ರ ವರೆಗೆ, ಇಂಡಿಗೋ ಕಂಪನಿಯ ೨,೫೦೦ಕ್ಕೂ ಹೆಚ್ಚು ವಿಮಾನಗಳು ರದ್ದಾಗಿ, ಮೂರು ಲಕ್ಷಕ್ಕೂ ಮೇಲ್ಪಟ್ಟ ಜನರು ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಕಾರಣವು ಮಂಜೂ ಅಲ್ಲ, ಬಿರುಗಾಳಿಯೂ ಅಲ್ಲ. ವೈಮಾನಿಕರಿಗೆ ವಾರಕ್ಕೆ ೩೬ ಗಂಟೆಗಳ ಬದಲು ೪೮ ಗಂಟೆಗಳ ವಿಶ್ರಾಂತಿ ಕೊಡಬೇಕು, ರಾತ್ರಿಯಲ್ಲಿ ಇಳಿಸುವ ಸರತಿಗಳನ್ನು ಕಡಿಮೆ ಮಾಡಬೇಕು, ಎಂಬ ನಿಯಮವು ೨೦೨೪ರಲ್ಲಿಯೇ ಪ್ರಕಟವಾಗಿತ್ತು. ಅದರ ಕಡೆಯ ಭಾಗವು ೨೦೨೫ರ ನವೆಂಬರ ೧ರಿಂದ ಜಾರಿಗೆ ಬಂದಿತು. ಅದಕ್ಕೆ ತಕ್ಕಷ್ಟು ಜನರನ್ನು ಕಂಪನಿಯು ಸಿದ್ಧಪಡಿಸಿಕೊಂಡಿರಲಿಲ್ಲ. ಹಬ್ಬವು ಬರುವ ದಿನ ಪಂಚಾಂಗದಲ್ಲಿರುವಾಗ ಅಕ್ಕಿ ತರಲು ಮರೆತ ಯಜಮಾನನು "ಇದು ದೈವದ ಆಟ" ಎಂದರೆ ಯಾರು ನಂಬುವರು?

ಇನ್ನು ನಿಯಮಗಳ ಕಡೆಗೆ ತಿರುಗೋಣ. ವಿಮಾನ ಸಂಚಾರದ ಮೇಲೆ ಅಧಿಕಾರವುಳ್ಳ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಪ್ರಯಾಣಿಕರಿಗಾಗಿ ೨೦೧೦ರಲ್ಲಿ ಒಂದು ನಿಯಮಾವಳಿಯನ್ನು ಹೊರಡಿಸಿ, ಆಮೇಲೆ ಹಲವು ಸಲ ತಿದ್ದಿರುವದು. ಅದರ ಸಾರವನ್ನು ಪ್ರತಿಯೊಂದು ಮನೆಯವರೂ ತಿಳಿದಿರತಕ್ಕದ್ದು.

ಮೊದಲನೆಯದು, ರದ್ದಾದ ವಿಮಾನ. ಎರಡು ವಾರ ಮೊದಲು ತಿಳಿಸಿದರೆ ಬೇರೆ ವಿಮಾನವನ್ನಾಗಲಿ ಹಣವನ್ನಾಗಲಿ ಕೊಟ್ಟರೆ ಸಾಕು. ಇಪ್ಪತ್ತುನಾಲ್ಕು ಗಂಟೆಗಳಷ್ಟಾದರೂ ಮೊದಲು ತಿಳಿಸದೆ ರದ್ದು ಮಾಡಿದರೆ, ಟಿಕೀಟಿನ ಹಣ ಅಥವಾ ಬೇರೆ ವಿಮಾನದ ಜೊತೆಗೆ ಪರಿಹಾರದ್ರವ್ಯವನ್ನೂ ಕೊಡಬೇಕು. ಒಂದು ಗಂಟೆಯೊಳಗಿನ ಹಾರಾಟಕ್ಕೆ ೫,೦೦೦ ರೂಪಾಯಿ, ಎರಡು ಗಂಟೆಯೊಳಗಿನದಕ್ಕೆ ೭,೫೦೦, ಅದಕ್ಕೂ ಮೀರಿದ್ದಕ್ಕೆ ೧೦,೦೦೦. ಇಲ್ಲವೆ ಒಂದು ಕಡೆಯ ಮೂಲ ದರ ಮತ್ತು ಇಂಧನದ ಆಕಾರ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಎರಡನೆಯದು, ಟಿಕೀಟು ಇದ್ದು ವೇಳೆಗೆ ಬಂದವನನ್ನು ಸ್ಥಳವಿಲ್ಲವೆಂದು ಹತ್ತಗೊಡದೆ ಇರುವದು. ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನದಲ್ಲಿ ಸ್ಥಳ ಕೊಟ್ಟರೆ ಪರಿಹಾರವಿಲ್ಲ. ೨೪ ಗಂಟೆಯೊಳಗಿನ ವಿಮಾನವಾದರೆ ಮೂಲ ದರದ ಎರಡು ಪಟ್ಟು, ೧೦,೦೦೦ದ ಮಿತಿಯಲ್ಲಿ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, ೨೦,೦೦೦ದ ಮಿತಿಯಲ್ಲಿ. ಮೂರನೆಯದು, ತಡ. ಎರಡೂವರೆ ಗಂಟೆಯೊಳಗಿನ ಹಾರಾಟವು ಎರಡು ಗಂಟೆ ತಡವಾದರೆ ಊಟ ಉಪಾಹಾರ ಕೊಡಬೇಕು. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. ೨೪ ಗಂಟೆ ಮೀರಿದರೆ, ಅಥವಾ ರಾತ್ರಿ ೮ರಿಂದ ಬೆಳಗಿನ ೩ರೊಳಗೆ ಹೊರಡತಕ್ಕ ವಿಮಾನವು ಆರು ಗಂಟೆಗೂ ಹೆಚ್ಚು ತಡವಾದರೆ, ವಸತಿಯ ಏರ್ಪಾಡು.

ಇಲ್ಲಿ ಒಂದು ಬಾಗಿಲು ಕಂಪನಿಗಳಿಗೆ ತೆರೆದಿರುವದು. ಹವೆಯ ವೈಪರೀತ್ಯ, ಪ್ರವಾಹ, ದಂಗೆ, ಮುಷ್ಕರ, ಸಂಚಾರ ನಿಯಂತ್ರಣದ ಅಡಚಣೆ ಮುಂತಾದ ಕೈಮೀರಿದ ಕಾರಣಗಳಿದ್ದರೆ ಪರಿಹಾರದ್ರವ್ಯ ಕೊಡಬೇಕಾಗಿಲ್ಲ. ಇದು ನ್ಯಾಯವೇ ಸರಿ. ಮಂಜಿನಲ್ಲಿ ವಿಮಾನ ಹಾರಿಸೆಂದು ಯಾವ ಬುದ್ಧಿವಂತನೂ ಕೇಳನು. ಆದರೆ ಕಾರಣವು ಕೈಮೀರಿದ್ದೋ ಅಲ್ಲವೋ ಎಂಬುದನ್ನು ಕಂಪನಿಯೇ ಹೇಳುವದು, ಪ್ರಯಾಣಿಕನು ಕೇಳಿ ಸುಮ್ಮನಾಗುವದು, ಇದೇ ರೂಢಿಯಾಗಿಬಿಟ್ಟಿದೆ. ಅದಕ್ಕಾಗಿ ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪನ್ನು ನೆನಪಿನಲ್ಲಿಡಬೇಕು. ೨೦೦೭ರ ಡಿಸೆಂಬರದಲ್ಲಿ ದಿಲ್ಲಿಯಿಂದ ಹೈದರಾಬಾದಿಗೆ ಹೊರಟ ಪ್ರಯಾಣಿಕನೊಬ್ಬನು ಮಂಜಿನ ದೆಸೆಯಿಂದ ಬಹಳ ಹೊತ್ತು ವಿಮಾನದೊಳಗೇ ಕುಳಿತಿರಬೇಕಾಯಿತು. ೨೦೧೧ರಲ್ಲಿ ನ್ಯಾಯಾಲಯವು, ಮಂಜಿಗೆ ಕಂಪನಿಯು ಹೊಣೆಯಲ್ಲವೆಂದು ಹೇಳಿ ಆತನಿಗೆ ಕೆಳಗೆ ದೊರೆತಿದ್ದ ಪರಿಹಾರವನ್ನು ತೆಗೆದುಹಾಕಿತು. ಆದರೆ ತಡಕ್ಕೆ ಕಾರಣವೇನೇ ಇರಲಿ, ಅಗ್ಗದ ದರದ ಕಂಪನಿಯೇ ಆಗಿರಲಿ, ಒಳಗೆ ಕುಳಿತವರಿಗೆ ಅನ್ನ, ನೀರು ಮೊದಲಾದ ಕನಿಷ್ಠ ಅನುಕೂಲಗಳನ್ನು ಮಾಡಿಕೊಡುವದು ಕಂಪನಿಯ ಕರ್ತವ್ಯವೆಂದೂ ಸ್ಪಷ್ಟಪಡಿಸಿತು. ಎಂದರೆ, ಮಂಜು ಹಣವನ್ನು ತಪ್ಪಿಸಬಹುದು, ಊಟವನ್ನು ತಪ್ಪಿಸಲಾರದು.

ಇಷ್ಟೆಲ್ಲ ನಿಯಮಗಳಿದ್ದರೂ ಜನರ ಕೈಗೆ ಬರುವದು ಅಲ್ಪ. ಅದಕ್ಕೆ ಮೂರು ಕಾರಣಗಳು ನಮಗೆ ತೋರುತ್ತವೆ.

ಒಂದು, "ಯಾವುದು ಕಡಿಮೆಯೋ ಅದು" ಎಂಬ ಮಾತು. ಒಂದು ಗಂಟೆಯೊಳಗಿನ ಹಾರಾಟಕ್ಕೆ ಮೂಲ ದರ ೧,೮೦೦, ಇಂಧನದ ಆಕಾರ ೫೦೦ ಎಂದು ಇಟ್ಟುಕೊಳ್ಳೋಣ. ನಿಯಮದಲ್ಲಿ ೫,೦೦೦ ಎಂದು ಕಂಡರೂ ಕೈಗೆ ಬರುವದು ೨,೩೦೦ ಮಾತ್ರ. ವಿಮಾನ ತಪ್ಪಿದವನು ಹುಬ್ಬಳ್ಳಿಯಿಂದ ಬೆಂಗಳೂರಿನ ವರೆಗೆ ಬಾಡಿಗೆ ಕಾರಿನಲ್ಲಿ ಹೋದರೆ ಅದಕ್ಕಿಂತ ಎಷ್ಟೋ ಹೆಚ್ಚು ವೆಚ್ಚ ಬೀಳುವದು. ಸಣ್ಣ ಊರಿನ ಅಗ್ಗದ ಟಿಕೀಟಿನವನಿಗೆ ಪರಿಹಾರವೂ ಅಗ್ಗದ್ದೇ; ಆತನ ಕಷ್ಟ ಮಾತ್ರ ಅಗ್ಗದ್ದಲ್ಲ.

ಎರಡು, ಕೇಳಿದವನಿಗೆ ಮಾತ್ರ ಕೊಡುವ ಪದ್ಧತಿ. ನಿಯಮವು ಗೊತ್ತಿದ್ದವನು, ಇಂಗ್ಲಿಷಿನಲ್ಲಿ ವಾದಿಸಬಲ್ಲವನು, ಹತ್ತು ಸಲ ಪತ್ರ ಬರೆಯುವ ವ್ಯವಧಾನವುಳ್ಳವನು ಪಡೆಯುವನು; ಮೊದಲ ಸಲ ವಿಮಾನ ಹತ್ತಿದ ಮುದುಕಿಯು ಮೂಲೆಯಲ್ಲಿ ಕುಳಿತು ಹಿಂತಿರುಗುವಳು. ಹಲವು ವೇಳೆ ನಗದಿಗೆ ಬದಲಾಗಿ ಮುಂದಿನ ಪ್ರಯಾಣದ ಚೀಟಿಗಳನ್ನು ಕೊಡುವರು. ವರ್ಷಕ್ಕೊಮ್ಮೆಯೂ ವಿಮಾನ ಹತ್ತದವನಿಗೆ ಅಂಥ ಚೀಟಿಯು ಗೋಡೆಗೆ ಅಂಟಿಸುವ ಚಿತ್ರಕ್ಕೆ ಸಮಾನ.

ಮೂರು, ದಂಡವು ಒಬ್ಬರಿಗೆ, ನಷ್ಟವು ಇನ್ನೊಬ್ಬರಿಗೆ. ಮೇಲೆ ಹೇಳಿದ ಅವ್ಯವಸ್ಥೆಗಾಗಿ ಮಹಾನಿರ್ದೇಶನಾಲಯವು ೨೦೨೬ರ ಜನೇವರಿಯಲ್ಲಿ ಆ ಕಂಪನಿಗೆ ೨೨ ಕೋಟಿ ೨೦ ಲಕ್ಷ ರೂಪಾಯಿ ದಂಡ ವಿಧಿಸಿತು. ವಿಧಿಸಿದ್ದು ಯೋಗ್ಯವೇ. ಆದರೆ ದಂಡದ ಹಣವು ಸರಕಾರಕ್ಕೆ ಸೇರುವದೇ ಹೊರತು ಹುಬ್ಬಳ್ಳಿಯ ನಿಲ್ದಾಣದಲ್ಲಿ ಕಾದವನ ಕಿಸೆಗೆ ಬರುವದಿಲ್ಲ.

ಹಾಗಾದರೆ ನಮ್ಮ ಜಿಲ್ಲೆಯ ಗೃಹಸ್ಥನಿಗೆ ದಾರಿಯಿಲ್ಲವೇ? ಇದೆ, ಅದು ದಿಲ್ಲಿಯಲ್ಲಿಲ್ಲ, ಗದಗಿನಲ್ಲಿಯೇ ಇದೆ. ಟಿಕೀಟಿನ ಹಿಂದೆ ಕಂಪನಿಯು ಎಂಥ ಷರತ್ತನ್ನೇ ಅಚ್ಚು ಹಾಕಿಸಿರಲಿ, ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ೩೪ನೆಯ ಕಲಮಿನ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ಫಿರ್ಯಾದು ಕೊಡಬಹುದು. ಹಿಂದಿನ ೧೯೮೬ರ ಕಾಯಿದೆಯಲ್ಲಿ ಈ ಅನುಕೂಲವಿರಲಿಲ್ಲ. ಹೊಸದು ೨೦೨೦ರ ಜುಲೈಯಿಂದ ಜಾರಿಯಲ್ಲಿದೆ. ಶಿರಹಟ್ಟಿಯವನಾಗಲಿ ಲಕ್ಷ್ಮೇಶ್ವರದವನಾಗಲಿ ಗದಗಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಕೊಟ್ಟರೆ ಕಂಪನಿಯೇ ಅಲ್ಲಿಗೆ ಉತ್ತರ ಕಳಿಸಬೇಕಾಗುವದು. ಕೊಟ್ಟ ಬೆಲೆಯು ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂಬುದಿಲ್ಲ, ಇ-ಜಾಗೃತಿ ಎಂಬ ಸರಕಾರದ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಎರಡು ವರ್ಷಗಳ ಅವಧಿಯುಂಟು. ಮಹಾನಿರ್ದೇಶನಾಲಯದ ಪಟ್ಟಿಯಲ್ಲಿಲ್ಲದ ಮನೋವ್ಯಥೆಯನ್ನೂ ವೆಚ್ಚವನ್ನೂ ಆಯೋಗವು ಲೆಕ್ಕಕ್ಕೆ ಹಿಡಿಯಬಲ್ಲದು. ಅದರ ಆಜ್ಞೆಯನ್ನು ಪಾಲಿಸದವರಿಗೆ ೭೨ನೆಯ ಕಲಮಿನಂತೆ ಸೆರೆಮನೆ ಅಥವಾ ೨೫,೦೦೦ಕ್ಕೆ ಕಡಿಮೆಯಿಲ್ಲದ ದಂಡ. ಹಲ್ಲಿರುವ ಕಾಯಿದೆಯೆಂದರೆ ಇದು.

ಫಿರ್ಯಾದಿಗೆ ಮೊದಲು ಕಂಪನಿಗೆ ಬರೆಯುವದು, ಆಮೇಲೆ ೨೦೧೬ರಿಂದ ಇರುವ ಏರ್‌ಸೇವಾ ಎಂಬ ಸರಕಾರಿ ವ್ಯವಸ್ಥೆಗೆ ತಿಳಿಸುವದು, ೧೯೧೫ ಎಂಬ ಗ್ರಾಹಕ ಸಹಾಯದ ಫೋನಿಗೆ ಹೇಳುವದು ಒಳ್ಳೆಯದು. ಬಹಳಷ್ಟು ತಕರಾರುಗಳು ಅಲ್ಲಿಯೇ ಮುಗಿಯಬಹುದು.

ಇನ್ನು ಮನೆಯಲ್ಲಿಯೇ ಪಾಲಿಸತಕ್ಕ ಕೆಲವು ಎಚ್ಚರಿಕೆಗಳು. ನಮ್ಮ ಕಡೆಯಲ್ಲಿ ಟಿಕೀಟನ್ನು ಪೇಟೆಯ ಏಜಂಟರ ಅಂಗಡಿಯಲ್ಲಿ ತೆಗೆಸುವವರೇ ಬಹಳ. ಏಜಂಟನು ತನ್ನ ಫೋನ್ ನಂಬರನ್ನೇ ಬರೆಯಿಸಿದರೆ ರದ್ದಾದ ಸುದ್ದಿಯು ಆತನಿಗೆ ಹೋಗುವದು, ಪ್ರಯಾಣಿಕನಿಗೆ ಹೋಗದು. ಸರಿಯಾದ ವಿಳಾಸ ಕೊಡದವನಿಗೆ ಪರಿಹಾರವಿಲ್ಲವೆಂದು ನಿಯಮದಲ್ಲಿಯೇ ಇದೆ. ಆದುದರಿಂದ ಪ್ರಯಾಣ ಮಾಡುವವನ ನಂಬರನ್ನೇ ಬರೆಯಿಸತಕ್ಕದ್ದು. ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಅಲ್ಲಿಂದ ಮುಂದೆ, ಎಂದು ಎರಡು ವಿಮಾನ ಹತ್ತುವದಿದ್ದರೆ ಎರಡನ್ನೂ ಒಂದೇ ಟಿಕೀಟಿನಲ್ಲಿ ಕೊಳ್ಳತಕ್ಕದ್ದು. ಬೇರೆ ಬೇರೆ ಕೊಂಡರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಹೊರುವವರಿಲ್ಲ. ನಿಲ್ದಾಣದಲ್ಲಿ ತೋರಿಸಿದ ಫಲಕದ ಚಿತ್ರ, ಬಂದ ಸಂದೇಶ, ಊಟದ ಮತ್ತು ಬಾಡಿಗೆಯ ಪಾವತಿಗಳನ್ನು ಕಳೆಯಬಾರದು. ತಡಕ್ಕೆ ಕಾರಣವೇನೆಂದು ಬರವಣಿಗೆಯಲ್ಲಿ ಕೇಳಬೇಕು. ತಾವಾಗಿಯೇ ಪ್ರಯಾಣವನ್ನು ಬಿಟ್ಟರೂ, ಎಂಥ ಅಗ್ಗದ ಟಿಕೀಟಾದರೂ, ಸರಕಾರದ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಮರಳಿ ಪಡೆಯುವ ಹಕ್ಕಿದೆಯೆಂಬುದನ್ನು ಮರೆಯಬಾರದು.

ಆದರೂ ಎಲ್ಲ ಭಾರವನ್ನು ಪ್ರಯಾಣಿಕನ ಹೆಗಲ ಮೇಲೆಯೇ ಹೊರಿಸುವದು ಧರ್ಮವಲ್ಲ. ಯುರೋಪದ ದೇಶಗಳು ೨೦೦೪ರಲ್ಲಿ ಮಾಡಿದ ನಿಯಮವು ಪರಿಹಾರವನ್ನು ಟಿಕೀಟಿನ ಬೆಲೆಗೆ ಕಟ್ಟದೆ ದೂರಕ್ಕೆ ತಕ್ಕಂತೆ ೨೫೦ರಿಂದ ೬೦೦ ಯುರೋ ಎಂದು ಗೊತ್ತುಮಾಡಿತು; ಮೂರು ಗಂಟೆ ತಡವಾಗಿ ತಲಪಿದವನಿಗೂ ಅದು ಸಲ್ಲುವದೆಂದು ಅಲ್ಲಿಯ ನ್ಯಾಯಾಲಯವು ೨೦೦೯ರಲ್ಲಿ ಹೇಳಿತು; ಕಾರಣವು ಕೈಮೀರಿದ್ದೆಂದು ರುಜುವಾತುಪಡಿಸುವ ಹೊಣೆಯೂ ಕಂಪನಿಯದೇ. ಅಮೇರಿಕೆಯಲ್ಲಿ, ರದ್ದಾದ ವಿಮಾನದ ಹಣವನ್ನು ಕೇಳದಿದ್ದರೂ ತಾನಾಗಿಯೇ ಮರಳಿಸಬೇಕೆಂಬ ನಿಯಮವು ೨೦೨೪ರಲ್ಲಿ ಬಂದಿತು. ನಮ್ಮಲ್ಲಿಯೂ ಹೀಗೇಕೆ ಆಗಬಾರದು? ಟಿಕೀಟಿನ ಹಣವನ್ನು ಯಾವ ಖಾತೆಯಿಂದ ಸೆಳೆದುಕೊಂಡರೆಂಬುದು ಕಂಪನಿಗೆ ಗೊತ್ತಿರುವಾಗ, ಪರಿಹಾರವನ್ನು ಅದೇ ಖಾತೆಗೆ ಕಳಿಸಲು ಅರ್ಜಿಯ ಅವಶ್ಯಕತೆಯೇನು? ಹುಬ್ಬಳ್ಳಿಯ ನಿಲ್ದಾಣದಲ್ಲಿ ಈ ಹಕ್ಕುಗಳನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆಯಿಸಿ ತೂಗಹಾಕಲು ಎಷ್ಟು ವೆಚ್ಚ ಬೀಳುವದು? ರದ್ದತಿಯ ಕಾರಣವನ್ನು ಕಂಪನಿಯ ಮಾತಿನಂತೆ ಅಲ್ಲ, ನಿಲ್ದಾಣದ ದಾಖಲೆಯಂತೆ ಬರೆದು ಪ್ರಯಾಣಿಕನ ಕೈಗೆ ಕೊಟ್ಟರೆ ಅರ್ಧ ವ್ಯಾಜ್ಯವು ಅಲ್ಲಿಯೇ ತೀರುವದು.

ಹಕ್ಕು ಕೇಳುವದೆಂದರೆ ಜಗಳಗಂಟತನವೆಂದು ನಮ್ಮ ಸಭ್ಯ ಗೃಹಸ್ಥರು ಹಿಂಜರಿಯುವರು. "ಹೋಗಲಿ ಬಿಡು, ಎರಡು ಸಾವಿರಕ್ಕೆ ಯಾರು ಅಲೆಯಬೇಕು" ಎಂದು ಕೈಬಿಡುವರು. ಆದರೆ ಇದೇ ಗದಗ ತಾಲೂಕಿನ ಕಣಗಿನಹಾಳದ ರೈತರು ೧೯೦೫ರಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ, ಸಹಕಾರಿ ಸಂಘವನ್ನು ಕಟ್ಟಿ ದೇಶಕ್ಕೆ ದಾರಿ ತೋರಿಸಿದರು. ಸಣ್ಣವರ ಸಣ್ಣ ಮೊತ್ತಗಳು ಒಂದೆಡೆ ಕೂಡಿದರೆ ಬಲವಾಗುವವೆಂಬುದು ಅವರಿಗೆ ತಿಳಿದಿತ್ತು. ವಿಮಾನದ ವಿಷಯದಲ್ಲಿಯೂ ಹಾಗೆಯೇ. ಒಂದೇ ವಿಮಾನಕ್ಕಾಗಿ ಕಾದ ಎಪ್ಪತ್ತು ಜನರಲ್ಲಿ ಒಬ್ಬನು ಅರ್ಜಿ ಕೊಟ್ಟರೆ ಅದು ಕಂಪನಿಗೆ ಚಿಲ್ಲರೆ ವೆಚ್ಚ. ಎಪ್ಪತ್ತು ಜನರೂ ಕೊಟ್ಟರೆ ಮರುವರ್ಷ ವಿಮಾನವು ವೇಳೆಗೆ ಸರಿಯಾಗಿ ಹೊರಡುವದು. ನಷ್ಟವನ್ನು ಸಹಿಸಿಕೊಂಡು ಸುಮ್ಮನಿರುವವನು ತನ್ನ ಎರಡು ಸಾವಿರವನ್ನು ಬಿಟ್ಟುಕೊಡುವದಷ್ಟೇ ಅಲ್ಲ, ಮುಂದಿನ ಪ್ರಯಾಣಿಕನ ವೇಳೆಯನ್ನೂ ಬಿಟ್ಟುಕೊಟ್ಟಂತಾಗುವದು. ಆದುದರಿಂದ ವಾಚಕರು ತಮ್ಮ ಹಕ್ಕನ್ನು ವಿನಯದಿಂದ, ಆದರೆ ಬರವಣಿಗೆಯಲ್ಲಿ, ಕೇಳುವ ರೂಢಿಯನ್ನು ಇಟ್ಟುಕೊಳ್ಳಬೇಕೆಂದು ಪ್ರಾರ್ಥಿಸುವೆವು.