ಮೊದಲ ವಿದೇಶ ಪ್ರಯಾಣ: ಸರಕಿನಷ್ಟೇ ಸಿದ್ಧತೆ ವರ್ತಕನಿಗೂ ಬೇಕು

ಬ್ಯಾಡಗಿಯ ಮೆಣಸಿನಕಾಯಿ, ಮಂಗಳೂರಿನ ಗೋಡಂಬಿ, ಚಿಕ್ಕಮಗಳೂರಿನ ಕಾಫಿ, ತಿಪಟೂರಿನ ಕೊಬ್ಬರಿ – ಇಂತಹ ಸರಕುಗಳಿಗೆ ಹೊರದೇಶದ ಗಿರಾಕಿಯನ್ನು ಅರಸಿ ಹೊರಡುವ ಸಣ್ಣ ವರ್ತಕರಲ್ಲಿ ಅನೇಕರು ಮೊದಲು ಕಾಲಿಡುವುದು ದುಬೈಯಲ್ಲಿ. ಬೆಂಗಳೂರು, ಮಂಗಳೂರುಗಳಿಂದ ನೇರ ವಿಮಾನಗಳಿವೆ. ಭಾರತ ಮತ್ತು ಯುಎಇ ನಡುವಿನ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದವು 2022ರ ಮೇ 1ರಂದು ಜಾರಿಗೆ ಬಂದ ನಂತರ ಅನೇಕ ಸರಕುಗಳಿಗೆ ಸುಂಕದ ರಿಯಾಯಿತಿಯೂ ದೊರೆತಿದೆ. ಗಲ್ಫುಡ್‌ನಂತಹ ಆಹಾರ ಮೇಳಗಳ ಆಕರ್ಷಣೆಯಂತೂ ಇದ್ದೇ ಇದೆ.

ಆದರೆ ಮಾದರಿ ಆರಿಸುವುದಕ್ಕೆ, ದರಪಟ್ಟಿ ಸಿದ್ಧಪಡಿಸುವುದಕ್ಕೆ ತಿಂಗಳುಗಟ್ಟಲೆ ಶ್ರಮಿಸುವ ವರ್ತಕರು, ಪ್ರಯಾಣದ ವಿಷಯವನ್ನು ಮಾತ್ರ ಟ್ರಾವೆಲ್ ಏಜೆಂಟರಿಗೆ ಒಪ್ಪಿಸಿ ನಿಶ್ಚಿಂತರಾಗುವುದುಂಟು. ಇದು ಸರಿಯಾದ ಕ್ರಮವಲ್ಲ. ನಾಲ್ಕು ದಿನಗಳ ಪ್ರವಾಸದಲ್ಲಿ ಒಂದು ದಿನ ವ್ಯರ್ಥವಾದರೆ ಹೂಡಿದ ಹಣದ ಕಾಲುಭಾಗ ಕೈಬಿಟ್ಟಂತೆಯೇ. ಏಜೆಂಟರು ಟಿಕೆಟ್, ವೀಸಾ ಒದಗಿಸಬಲ್ಲರು. ವಲಸೆ ಅಧಿಕಾರಿಯ ಎದುರು ನಿಲ್ಲಬೇಕಾದವನು ವರ್ತಕನೇ.

ಮೊದಲನೆಯದು ಕಾಗದಪತ್ರ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಪಾಸ್‌ಪೋರ್ಟ್, ವೀಸಾ, ಟಿಕೆಟ್ – ಮೂರರಲ್ಲೂ ಹೆಸರು ಅಕ್ಷರಶಃ ಒಂದೇ ಆಗಿರಬೇಕು. ತಂದೆಯ ಹೆಸರು, ಊರಿನ ಹೆಸರು ಸೇರಿಕೊಳ್ಳುವ ನಮ್ಮ ಕಡೆಯ ಹೆಸರುಗಳಲ್ಲಿ ತೊಡಕಾಗುವುದು ಇಲ್ಲಿಯೇ. ಹಿಂತಿರುಗುವ ಟಿಕೆಟ್, ಹೋಟೆಲಿನ ವಿಳಾಸ, ಮೇಳದ ನೋಂದಣಿ ಪತ್ರ ಇವುಗಳ ಮುದ್ರಿತ ಪ್ರತಿಗಳು ಕೈಚೀಲದಲ್ಲಿರಲಿ. ಮೊಬೈಲಿನ ಬ್ಯಾಟರಿ ಬರಿದಾದಾಗ ನೆರವಿಗೆ ಬರುವುದು ಕಾಗದವೇ.

ಎರಡನೆಯದು ಹಣ. ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದವರೆಗಿನ ವಿದೇಶಿ ನೋಟುಗಳನ್ನು ಒಯ್ಯಲು ರಿಸರ್ವ್ ಬ್ಯಾಂಕ್ ಅನುಮತಿಸುತ್ತದೆ. ಉಳಿದುದನ್ನು ಫಾರೆಕ್ಸ್ ಕಾರ್ಡಿನಲ್ಲಿ ಇಟ್ಟುಕೊಳ್ಳುವುದು ಲೇಸು. ಭಾರತದ ನೋಟುಗಳಿಗೆ 25,000 ರೂಪಾಯಿಗಳ ಮಿತಿಯಿದೆ. ದಿರ್ಹಮ್ ದರವು 1997ರಿಂದ ಒಂದು ಡಾಲರಿಗೆ 3.6725ರಂತೆ ಸ್ಥಿರವಾಗಿದೆ. ಆದುದರಿಂದ ಗಿರಾಕಿಯು ಡಾಲರಿನಲ್ಲಿ ಕೇಳಲಿ, ದಿರ್ಹಮ್‌ನಲ್ಲಿ ಕೇಳಲಿ, ಲೆಕ್ಕ ಒಂದೇ. ಏರಿಳಿತವಾಗುವುದು ರೂಪಾಯಿಯ ದರ ಮಾತ್ರ. ದರ ಹೇಳುವಾಗ ಈ ಏರಿಳಿತಕ್ಕೆ ಅವಕಾಶವಿಟ್ಟುಕೊಳ್ಳಬೇಕು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಪೆಟ್ಟಿಗೆಯ ವಿಷಯದಲ್ಲಿ. ಮನೆಯಲ್ಲಿ ಪಾಯಸಕ್ಕೆ ಬಳಸುವ ಗಸಗಸೆ ಯುಎಇಯಲ್ಲಿ ನಿಷಿದ್ಧ ವಸ್ತು. ಅದನ್ನು ಒಯ್ದವರು ಸೆರೆವಾಸ ಅನುಭವಿಸಿದ್ದುಂಟು. ಕೊಡೀನ್‌ನಂತಹ ಅಂಶವಿರುವ ಕೆಮ್ಮಿನ ಔಷಧ, ನೋವಿನ ಮಾತ್ರೆಗಳಿಗೂ ಮುಂಚಿತ ಅನುಮತಿ ಬೇಕು. ನಿತ್ಯದ ಔಷಧಗಳನ್ನು ವೈದ್ಯರ ಚೀಟಿಯೊಂದಿಗೇ ಒಯ್ಯಬೇಕು. ಅಲ್ಲಿರುವ ಬಂಧುಗಳಿಗೆಂದು ಊರಿನವರು ಕೊಡುವ ಗಂಟನ್ನು, ಎಷ್ಟೇ ದಾಕ್ಷಿಣ್ಯವಿದ್ದರೂ, ಬಿಚ್ಚಿ ನೋಡದೆ ಸ್ವೀಕರಿಸಬಾರದು. ಸುಂಕದ ಕಟ್ಟೆಯಲ್ಲಿ ಪೆಟ್ಟಿಗೆ ಯಾರದೋ ಅಪರಾಧವೂ ಅವರದೇ.

ಮಾದರಿಗಳಿಗೂ ನಿಯಮಗಳಿವೆ. ಎಣ್ಣೆಯಂಶದಿಂದ ತಾನಾಗಿ ಕಾವೇರಬಲ್ಲ ಕೊಬ್ಬರಿಯು ವಿಮಾನಯಾನದಲ್ಲಿ ಅಪಾಯಕಾರಿ ಸರಕೆನಿಸಿದ್ದು, ಅದನ್ನು ಪ್ರಯಾಣಿಕರ ಸಾಮಾನಿನಲ್ಲಿ ಒಯ್ಯುವಂತಿಲ್ಲ. ತಿಪಟೂರಿನ ವರ್ತಕರು ಮಾದರಿಯನ್ನು ಸರಕು ಸಾಗಣೆದಾರರ ಮೂಲಕ ಮೊದಲೇ ಕಳುಹಿಸುವ ಏರ್ಪಾಡು ಮಾಡಿಕೊಳ್ಳಬೇಕು. ಮೆಣಸಿನ ಪುಡಿ ಕೈಚೀಲದಲ್ಲಿರಬಾರದು. ಇದಕ್ಕೆ ವಿರುದ್ಧವಾಗಿ, ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಬೇಕು.

ಇನ್ನು ಸಮಯದ ಯೋಜನೆ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಹಿಂದೆ ಶುಕ್ರವಾರ, ಶನಿವಾರ ಇದ್ದ ಸರ್ಕಾರಿ ವಾರದ ರಜೆಯು 2022ರಿಂದ ಶನಿವಾರ, ಭಾನುವಾರಕ್ಕೆ ಬದಲಾಗಿದ್ದು, ಶುಕ್ರವಾರ ಸರ್ಕಾರಿ ಕಚೇರಿಗಳು ಅರ್ಧದಿನ ಮಾತ್ರ. ರಂಜಾನ್ ಮಾಸದಲ್ಲಿ ಕೆಲಸದ ವೇಳೆ ದಿನಕ್ಕೆ ಎರಡು ಗಂಟೆ ಕಡಿತಗೊಳ್ಳುತ್ತದೆ. ಇದನ್ನರಿಯದೆ ಭೇಟಿಗಳನ್ನು ಗೊತ್ತುಮಾಡಿದರೆ ಹೋಟೆಲಿನ ಕೋಣೆಯಲ್ಲಿ ಕುಳಿತಿರಬೇಕಾದೀತು. ಅಂತರ್ಜಾಲ ಕರೆಗಳಿಗೆ ಅಲ್ಲಿ ನಿರ್ಬಂಧಗಳಿರುವುದರಿಂದ ವಾಟ್ಸಾಪ್ ಕರೆಯನ್ನೇ ನೆಚ್ಚಿಕೊಳ್ಳದೆ ರೋಮಿಂಗ್ ಸೌಲಭ್ಯ ಪಡೆದಿರಬೇಕು.

ಗುಂಪು ಪ್ರವಾಸಗಳಲ್ಲಿ ಉಳಿದ ದಿನವನ್ನು ಮಾಲ್‌ಗಳಿಗೂ ಮರಳುಗಾಡಿನ ವಿಹಾರಕ್ಕೂ ಮೀಸಲಿಡುವುದು ರೂಢಿ. ವಿನೋದ ಬೇಡವೆಂದಲ್ಲ. ಆದರೆ ಒಂದು ಬೆಳಿಗ್ಗೆಯನ್ನಾದರೂ ದೇರಾ ಭಾಗದ ಅಲ್ ರಾಸ್‌ನ ಸಗಟು ಅಂಗಡಿಗಳಿಗೆ ಕೊಡಬೇಕು. ಯಾವ ದೇಶದ ಮಸಾಲೆ ಯಾವ ಪೊಟ್ಟಣದಲ್ಲಿ, ಯಾವ ಬೆಲೆಗೆ ಮಾರಾಟವಾಗುತ್ತಿದೆ ಎಂಬುದನ್ನು ಕಣ್ಣಾರೆ ಕಂಡ ವರ್ತಕನಿಗೆ, ಮೊದಲ ಪ್ರವಾಸದಲ್ಲಿ ಆರ್ಡರ್ ದೊರೆಯದಿದ್ದರೂ, ಖರ್ಚು ವ್ಯರ್ಥವಾಗಿರುವುದಿಲ್ಲ.

ಇವೆಲ್ಲ ಸಣ್ಣ ಸಂಗತಿಗಳೆಂದು ತೋರಬಹುದು. ದೊಡ್ಡ ಕಂಪನಿಗಳಲ್ಲಿ ಇವುಗಳನ್ನು ನೋಡಿಕೊಳ್ಳಲು ಪ್ರತ್ಯೇಕ ವಿಭಾಗವೇ ಇರುತ್ತದೆ. ಸಣ್ಣ ವರ್ತಕನಿಗೆ ತಾನೇ ವಿಭಾಗ, ತಾನೇ ಮಾಲೀಕ. ಆದ್ದರಿಂದ ವಾಣಿಜ್ಯ ಸಂಸ್ಥೆಗಳು ನಿಯೋಗಗಳನ್ನು ಕಳುಹಿಸುವುದಕ್ಕಷ್ಟೇ ತೃಪ್ತಿಪಡದೆ, ಹೊರಡುವ ತಿಂಗಳ ಮುಂಚೆ ಅರ್ಧದಿನದ ಮಾಹಿತಿ ಶಿಬಿರವನ್ನು ಕಡ್ಡಾಯಗೊಳಿಸಬೇಕು. ಅಲ್ಲಿ ಮಾತನಾಡಬೇಕಾದವರು ಅತಿಥಿ ಗಣ್ಯರಲ್ಲ, ಹಿಂದೆ ಹೋಗಿ ಎಡವಿ ಕಲಿತು ಬಂದ ಸದಸ್ಯರು. ಒಬ್ಬರು ತೆತ್ತ ದಂಡವು ಹತ್ತು ಮಂದಿಗೆ ಪಾಠವಾದರೆ, ಸಂಸ್ಥೆಯ ಸದಸ್ಯತ್ವ ಶುಲ್ಕಕ್ಕೆ ಅದಕ್ಕಿಂತ ದೊಡ್ಡ ಪ್ರತಿಫಲವಿಲ್ಲ.